ಇಲ್ಲದ ನಾಡಿನ ನಿಘಂಟು

ನಿಟ್ಟುವಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಹೊಸ ರಾಜ್ಯದ ಸಭೆ ನೆರೆಯುತ್ತದೆ. ಮೊಮ್ಮಗನೂ ಅವನ ನಾಲ್ವರು ಗೆಳೆಯರೂ ನಕ್ಷೆ ಹರಡಿ, ದಾಳ ಉರುಳಿಸಿ, ತಾವೇ ಕಟ್ಟಿದ ನಾಡಿನಲ್ಲಿ ವೀರರೂ ಮಾಂತ್ರಿಕರೂ ಆಗಿ ಮಾತನಾಡುತ್ತಾರೆ. ೧೯೭೪ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆ ಹಿರಿಯಣ್ಣ. ಗೆಲ್ಲುವುದಕ್ಕಿಂತ ಕಥೆ ಬೆಳೆಸುವುದೇ ಇಲ್ಲಿ ಮುಖ್ಯ. ಆ ನಾಡಿಗೊಂದು ಭಾಷೆ ಬೇಕೆಂದು ಹುಡುಗರು ನೋಟುಬುಕ್ಕಿನಲ್ಲಿ ನೂರಿಪ್ಪತ್ತು ಪದಗಳನ್ನು ಬರೆದು, ಹಳಗನ್ನಡ ಕಲಿಸಿದ ಮುದುಕನೆಂಬ ಗೌರವದಿಂದ ನನ್ನ ಮುಂದಿಟ್ಟರು. ಇದೂ ವಿಮರ್ಶೆಗೆ ವಸ್ತುವೇ ಎಂದು ಓದುಗರು ನಗಬಹುದು. ಮೊದಲು ನಾನೂ ನಕ್ಕೆ.

ಪದಗಳೇನೋ ಬೆರಗು ಹುಟ್ಟಿಸುವಂತಿದ್ದವು. ಆದರೆ ಒಂದಕ್ಕೊಂದು ನಂಟಿರಲಿಲ್ಲ. ‘ಓಡು’ ಎಂಬುದಕ್ಕೆ ಒಂದು ಸದ್ದು, ‘ಓಟ’ಕ್ಕೆ ಇನ್ನೊಂದು. ಕನ್ನಡದಲ್ಲಿ ಹಾಗಲ್ಲ. ಆಡು–ಆಟ, ನೋಡು–ನೋಟ ಎಂದು ತಿಳಿದ ಮಗು ‘ಕೂಡು’ ಎಂದೊಡನೆ ‘ಕೂಟ’ವನ್ನು ತಾನೇ ಊಹಿಸಬಲ್ಲದು. ಊಹೆಗೆ ಎಡೆಯಿಲ್ಲದ ಪದಗಳ ರಾಶಿ ಸಂತೆಯಾದೀತು, ಸಂಸಾರವಾಗದು. ಇಂಗ್ಲೆಂಡಿನ ಟೋಲ್ಕಿನ್ ತನ್ನ ಕಥೆಗಳಿಗೆ ನುಡಿಗಳನ್ನು ಕಟ್ಟಿದಾಗ ಫಿನ್ನಿಷ್ ಮತ್ತು ವೆಲ್ಷ್ ಭಾಷೆಗಳ ನಾದವನ್ನು ಮಾತ್ರವಲ್ಲ, ಧ್ವನಿಗಳು ಕಾಲಕ್ರಮದಲ್ಲಿ ಬದಲಾಗುವ ನಿಯಮವನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದ. ಅವನ ನುಡಿಗಳಿಗೆ ವಂಶಾವಳಿ ಇದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಸಾಹಸವೆಂದರೆ ಹದಿಮೂರನೆಯ ಶತಮಾನದ ಆಂಡಯ್ಯನದು. ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು, ದೇಶ್ಯ ತದ್ಭವಗಳಿಂದಲೇ ಕಾಮನ ಕಥೆಯನ್ನು ನಡೆಸಬೇಕೆಂದು ಆತ ತನಗೆ ತಾನೇ ಕಟ್ಟು ಹಾಕಿಕೊಂಡ. ಅಲ್ಲಿ ‘ಕಾವ’ನೆಂದರೆ ಕಾಮನೂ ಹೌದು, ಕಾಯುವವನೂ ಹೌದು. ಆತ ಹೊಸ ಸದ್ದುಗಳನ್ನು ಹುಟ್ಟಿಸಲಿಲ್ಲ. ಇದ್ದ ನುಡಿಯನ್ನೇ ಜರಡಿ ಹಿಡಿದು, ಎಂದೂ ಯಾರೂ ಪೂರ್ತಿಯಾಗಿ ಆಡದಿದ್ದ ಒಂದು ಕನ್ನಡವನ್ನು ತೋರಿಸಿದ. ಯೋಗಿ ಜೋಗಿಯಾಗುವ, ಯಶ ಜಸವಾಗುವ ದಾರಿಯನ್ನು ಅದೇ ಶತಮಾನದ ಕೇಶಿರಾಜ ಸೂತ್ರಗಳಲ್ಲಿ ಹೇಳಿದ್ದಾನೆ. ಹುಡುಗರಿಗೆ ಇದನ್ನೇ ಹೇಳಿದೆ: ಪದ ಮಾಡಬೇಡಿ, ಮೊದಲು ಪದವಾಗುವ ದಾರಿ ಮಾಡಿ.

ಇಷ್ಟು ಹೇಳಿ ಬೀಗುತ್ತಿದ್ದಾಗಲೇ ನಾನು ಎಡವಿದ್ದು. ಪುಸ್ತಕದ ಕೊನೆಯಲ್ಲಿ ಶತ್ರುಗಳ ಭಾಷೆಗೆ ಬೇರೆ ಪುಟಗಳಿದ್ದವು. ಅವರ ಕ್ರೂರ ರಾಣಿಗೆ ‘ಯಾಡಿ’ ಎಂದು ಹೆಸರು. ಹುಡುಗನೊಬ್ಬ ಸಂತೆಯಲ್ಲಿ ಕೇಳಿದ್ದ ಸದ್ದಂತೆ. ‘ಒರಟಾಗಿದೆ, ರಾಣಿಗೆ ಒಪ್ಪುತ್ತದೆ’ ಎಂದು ನಾನು ಮೆಚ್ಚಿದೆ. ಎಲ್ಲರೂ ಅದನ್ನು ಅಣಕಿಸಿ ಕೂಗಿ ನಕ್ಕರು. ಒಬ್ಬ ಮಾತ್ರ ದಾಳವನ್ನು ಕೈಯಲ್ಲೇ ಹಿಡಿದು ಕುಳಿತಿದ್ದ. ಏನಪ್ಪಾ ಎಂದೆ. ‘ಅಜ್ಜಾರೆ, ನಮ್ಮ ಮನೆಯಾಗ ನಾವು ಅವ್ವಗ ಹಂಗ ಕರೀತೀವ್ರಿ’ ಎಂದ. ತಾಂಡಾದಿಂದ ಬಂದು ಇಲ್ಲಿ ನೆಲೆಸಿದ ಲಂಬಾಣಿ ಮನೆತನದ ಹುಡುಗ ಅವನು.

ಮೂವತ್ತು ವರ್ಷ ಭಾಷೆ ಕಲಿಸಿದ ನನಗೆ ನಮ್ಮ ಓಣಿಯಲ್ಲೇ ಆಡುವ ಭಾಷೆಯ ಮೊದಲ ಪದ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ನನ್ನ ಕಿವಿಗೆ ಒರಟಾಗಿ ಕೇಳಿಸಿತು. ಅಂದ ಮೇಲೆ ಒರಟುತನ ಎಲ್ಲಿತ್ತು?

ಆ ಪುಟಗಳನ್ನು ಮತ್ತೆ ಓದಿದೆ. ಕೊಲ್ಲು, ಸುಡು, ದೋಚು—ಶತ್ರುಗಳಿಗೆ ಮೂವತ್ತೆರಡು ಪದಗಳಿದ್ದವು. ಉಪ್ಪಿಗೆ ಪದವಿಲ್ಲ, ನಿದ್ದೆಗಿಲ್ಲ, ತಾಯಿಗಿಲ್ಲ. ೨೦೧೫ರ ‘ಬಾಹುಬಲಿ’ ಚಿತ್ರದ ಕಾಲಕೇಯರಿಗಾಗಿ ಮದನ್ ಕಾರ್ಕಿಯವರು ರಚಿಸಿದ ‘ಕಿಲಿಕಿ’ ವ್ಯಾಕರಣವುಳ್ಳ, ಜಾಣ್ಮೆಯ ನುಡಿ. ಆದರೂ ಚಿತ್ರಮಂದಿರದಲ್ಲಿ ಅದು ನನ್ನ ಕಿವಿಗೆ ಬಿದ್ದದ್ದು ಕ್ರೌರ್ಯದ ಸದ್ದಾಗಿಯೇ. ಕಥೆ ಆ ಜನಕ್ಕೆ ಮನೆಮಾತಾಡಲು ಎಡೆಗೊಟ್ಟಿಲ್ಲ. ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ನುಡಿ ಬದುಕುವುದಿಲ್ಲ. ಅದನ್ನಾಡುವವರು ಉಣ್ಣಬೇಕು, ಜೋಗುಳ ಹಾಡಬೇಕು. ಆಂಡಯ್ಯನ ಕಟ್ಟು ತನ್ನ ಮೇಲೆ ತಾನು ಹಾಕಿಕೊಂಡದ್ದು. ನಮ್ಮ ನೋಟುಬುಕ್ಕಿನ ಕಟ್ಟು ಇನ್ನೊಬ್ಬರ ಬಾಯಿಗೆ ಹಾಕಿದ್ದು.

ಇಲ್ಲಿಗೆ ಸಮೀಪದ ಹರಿಹರದಲ್ಲಿ ೧೨೨೪ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಿದೆ. ಆ ದೇವರ ಹೆಸರೂ ಎರಡು ಹೆಸರುಗಳ ಕೂಟವೇ. ಹರಿಯೂ ಅಳಿದಿಲ್ಲ, ಹರನೂ ಅಳಿದಿಲ್ಲ. ಪದ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚದು.

ಮುಂದಿನ ಭಾನುವಾರ ರಾಣಿಯ ಹೆಸರು ಬದಲಾಗಿತ್ತು. ಶತ್ರುಗಳ ಪುಟಕ್ಕೆ ಉಪ್ಪು, ತೊಟ್ಟಿಲು, ತಂಗಿ ಎಂಬ ಅರ್ಥದ ಪದಗಳು ಸೇರಿದ್ದವು. ಹೊಸ ಪದಗಳು ನಿಯಮದಂತೆಯೇ ಹುಟ್ಟಿದ್ದವು. ಅಕ್ಷರ ಆ ಹುಡುಗನದು. ಆಟ ಕಠಿಣವಾಯಿತೆಂದು ಮೊಮ್ಮಗನ ದೂರು: ಈಗ ಯುದ್ಧಕ್ಕೆ ಮುಂಚೆ ಮಾತುಕತೆಯೇ ಸಂಜೆಯವರೆಗೆ ನಡೆಯುತ್ತದಂತೆ.