ತಿರುವಿನಲ್ಲಿ ರೈಸ್ ಮಾಡಿದ್ದು ಯಾರು?

ಕೈಮರದ ಚೆಕ್‌ಪೋಸ್ಟ್ ದಾಟಿ ಬಾಬಾಬುಡನ್‌ಗಿರಿಯ ಏರು ಹತ್ತುತ್ತಿದ್ದೆವು. ಮುಂದೆ ಪ್ರವಾಸಿಗರನ್ನು ತುಂಬಿಕೊಂಡ ಜೀಪೊಂದು ಇಪ್ಪತ್ತೈದರ ವೇಗದಲ್ಲಿ ಏದುಸಿರು ಬಿಡುತ್ತ ಹೋಗುತ್ತಿತ್ತು. ನನ್ನ ಹೊಸ ಕಾರು ಅಂತರ ಕಾಯ್ದುಕೊಂಡು ಅದರ ಹಿಂದೆ ತಾನೇ ನಡೆಯುತ್ತಿತ್ತು. ಅಡಾಪ್ಟಿವ್ ಕ್ರೂಸ್ ಕಂಟ್ರೋಲನ್ನು ನಲವತ್ತಕ್ಕೆ ಹಾಕಿ ಕಾಲು ತೆಗೆದು ಕೂತಿದ್ದೆ. ಜೀಪು ಎಡಕ್ಕೆ ಹೊರಳಿ ಧರೆಯ ಮರೆಗೆ ಸರಿಯಿತು. ಡ್ಯಾಶ್‌ಬೋರ್ಡಿನಲ್ಲಿದ್ದ ಪುಟ್ಟ ವಾಹನದ ಚಿತ್ರ ಮಾಯವಾಯಿತು. ಮರುಗಳಿಗೆಯಲ್ಲಿ ಇಂಜಿನ್ ಗುರುಗುಟ್ಟಿ ಕಾರು ತಿರುವಿನೊಳಕ್ಕೆ ನುಗ್ಗಿತು. ಗಾಬರಿಯಿಂದ ಬ್ರೇಕ್ ತುಳಿದೆ.

ಪಕ್ಕದಲ್ಲಿದ್ದ ನನ್ನ ಭಾವ ಮೂಡಿಗೆರೆ ಕಡೆಯವರು, ತೋಟದ ಜೀಪಿನಲ್ಲೇ ಕೈ ಪಳಗಿಸಿಕೊಂಡವರು. “ಎಂತ ಭಾವ, ತಿರುವಿನಲ್ಲಿ ಯಾರಾದ್ರೂ ರೈಸ್ ಮಾಡ್ತಾರಾ?” ಎಂದರು. “ನಾನಲ್ಲ, ಕಾರು ಮಾಡಿದ್ದು” ಎಂದೆ. ಅವರೇನೂ ಹೇಳಲಿಲ್ಲ. ಮುಂದಿನ ಮೂರು ತಿರುವಿನವರೆಗೆ ಕೈಯನ್ನು ಹ್ಯಾಂಡ್‌ಬ್ರೇಕಿನ ಹತ್ತಿರವೇ ಇಟ್ಟುಕೊಂಡಿದ್ದರು.

ಕಾರು ಕೆಟ್ಟಿರಲಿಲ್ಲ. ಮುಂದೆ ವಾಹನವಿದ್ದರೆ ಅಂತರ ಕಾಯಿ, ಇಲ್ಲದಿದ್ದರೆ ಹೇಳಿದ ವೇಗಕ್ಕೆ ಹೋಗು ಎಂಬುದಷ್ಟೇ ಅದಕ್ಕೆ ಕಲಿಸಿರುವ ಪಾಠ. ಜೀಪು ಕಾಣಲಿಲ್ಲ, ಅದು ಹೋಯಿತು. ಒಂದು ಯಂತ್ರ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಯೂ ನಮ್ಮನ್ನು ಅಪಾಯಕ್ಕೆ ತಳ್ಳಬಹುದು ಎಂಬುದು ನನಗೆ ಅವತ್ತು ಮನವರಿಕೆಯಾಯಿತು. ಹಾಗಾಗಿ ಈ ಸೌಲಭ್ಯವನ್ನು ತೂಗಿ ನೋಡುವಾಗ ಕೇಳಬೇಕಾದ ಪ್ರಶ್ನೆ, ಅದು ಕೆಲಸ ಮಾಡುತ್ತದೆಯೇ ಎಂಬುದಲ್ಲ. ಅದು ಯಾವ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು, ನಾವು ಅದನ್ನು ಯಾವ ರಸ್ತೆಗೆ ತಂದಿದ್ದೇವೆ ಎಂಬುದು.

ಹುಟ್ಟಿದ್ದು ಅಮೆರಿಕದ ನೇರ ಹೆದ್ದಾರಿಗಳಲ್ಲಿ. ಕ್ರೂಸ್ ಕಂಟ್ರೋಲನ್ನು ರೂಪಿಸಿದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ತಮ್ಮ ವಕೀಲರು ಕಾರು ಓಡಿಸುತ್ತ ಮಾತಾಡುವಾಗ ನಿಧಾನವಾಗಿ, ಕೇಳಿಸಿಕೊಳ್ಳುವಾಗ ಜೋರಾಗಿ ಹೋಗುತ್ತಿದ್ದ ಜಗ್ಗಾಟಕ್ಕೆ ರೋಸಿ ಅವರು ಈ ಉಪಾಯ ಹೂಡಿದರೆಂಬ ಕಥೆಯಿದೆ. 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಅದು ವೇಗವನ್ನು ಹಿಡಿದಿಡುತ್ತಿತ್ತು, ಮುಂದೇನಿದೆ ಎಂಬುದರ ಗೊಡವೆ ಅದಕ್ಕಿರಲಿಲ್ಲ. 1995ರಲ್ಲಿ ಜಪಾನಿನ ಮಿತ್ಸುಬಿಷಿ ಡಯಮಾಂಟೆ ಲೇಸರ್ ಕಿರಣದಿಂದ ಮುಂದಿನ ಕಾರಿನ ದೂರ ಅಳೆದು ವೇಗ ತಗ್ಗಿಸತೊಡಗಿತು. 1999ರ ಹೊತ್ತಿಗೆ ಮರ್ಸಿಡಿಸ್‌ನ ಎಸ್-ಕ್ಲಾಸ್‌ನಲ್ಲಿ ರೇಡಾರ್ ಬಂತು. ಭಾರತದ ಮಧ್ಯಮವರ್ಗದ ಅಂಗಳಕ್ಕೆ ಇದು ಕಾಲಿಟ್ಟಿದ್ದು 2021ರಲ್ಲಿ, ಮಹೀಂದ್ರ ಎಕ್ಸ್‌ಯುವಿ 700, ಎಂಜಿ ಆಸ್ಟರ್‌ಗಳ ಮೂಲಕ. ಚಾಲಕನಿಗೆ ನೆರವಾಗುವ ಇಂಥ ಸೌಲಭ್ಯಗಳ ಗುಚ್ಛಕ್ಕೆ ‘ಅಡಾಸ್’ ಎಂದು ಹೆಸರು. ಈಗ ‘ಅಡಾಸ್ ಇದೆಯಾ?’ ಎಂಬ ಪ್ರಶ್ನೆ ಸನ್‌ರೂಫ್ ಪ್ರಶ್ನೆಯಷ್ಟೇ ಸಲೀಸು.

ಮೊದಲು ಅದರ ಗುಣವನ್ನು ಒಪ್ಪಿಕೊಳ್ಳಬೇಕು. ಬೆಂಗಳೂರಿನಿಂದ ತೋಟಕ್ಕೆ ಹೊರಟವರಿಗೆ ನೆಲಮಂಗಲದಿಂದ ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಹಾಸನದವರೆಗಿನ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥದ ರಸ್ತೆ. ಅಲ್ಲಿ ಈ ಸೌಲಭ್ಯ ಸುಖವಷ್ಟೇ ಅಲ್ಲ, ಒಂದು ಶಿಸ್ತು ಕೂಡ. ತೊಂಬತ್ತಕ್ಕೆ ಹಾಕಿದರೆ ತೊಂಬತ್ತೇ. ನೂರಹತ್ತಕ್ಕೆ ಏರುವ, ಮುಂದಿನ ಕಾರಿನ ಬೆನ್ನಿಗೆ ಅಂಟುವ ನನ್ನ ಹಳೆಯ ಚಾಳಿ ಅಲ್ಲಿ ನಡೆಯುವುದಿಲ್ಲ. ಭಾನುವಾರ ಸಂಜೆ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಹತ್ತಿರ ವಾಹನಗಳು ಇರುವೆ ಸಾಲಾಗುತ್ತವಲ್ಲ, ಅಲ್ಲಿ ಅದು ತಾನೇ ನಿಂತು ತಾನೇ ಹೊರಡುವ ಪರಿ ನಿಜಕ್ಕೂ ಮೆಚ್ಚುವಂಥದ್ದು. ಮೊದಲೆಲ್ಲ ಮನೆ ಮುಟ್ಟುವಷ್ಟರಲ್ಲಿ ಬಲಗಾಲಿನ ಹರಡು ಹಿಡಿದುಕೊಳ್ಳುತ್ತಿತ್ತು. ಈಗ ಇಲ್ಲ. ದಣಿಯದ ಚಾಲಕ ಹೆಚ್ಚು ಎಚ್ಚರದ ಚಾಲಕ ಎಂಬ ವಾದದಲ್ಲಿ ಹುರುಳಿದೆ.

ಆದರೆ ಆ ವಾದ ಅರ್ಧ ಮಾತ್ರ ನಿಜ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಸೌಲಭ್ಯ ಚಾಲೂ ಇದ್ದಾಗ ಚಾಲಕರು ವೇಗಮಿತಿ ಮೀರುವ ಸಾಧ್ಯತೆ ಶೇ. 24ರಷ್ಟು ಹೆಚ್ಚು. ಯಂತ್ರ ಕಾಯುತ್ತಿದೆ ಎಂಬ ಭರವಸೆಯಲ್ಲಿ ಮನುಷ್ಯ ಮಿತಿಯನ್ನೇ ಮೇಲಕ್ಕೆ ಹಾಕಿಕೊಳ್ಳುತ್ತಾನೆ. ನಮ್ಮಲ್ಲಿ ಇನ್ನೊಂದು ಚಾಳಿ ಸೇರಿದೆ. ಎರಡು ಸೆಕೆಂಡಿನ ಅಂತರ ಇಟ್ಟರೆ ನೂರರ ವೇಗದಲ್ಲಿ ಐವತ್ತೈದು ಮೀಟರ್ ಜಾಗ ಖಾಲಿ ಬಿಟ್ಟಂತೆ. ಆ ಖಾಲಿಗೆ ಎಡದಿಂದೊಂದು ಕಾರು, ಬಲದಿಂದೊಂದು ಬೈಕು ಕಟ್ ಹೊಡೆದು ನುಗ್ಗುತ್ತವೆ. ಪ್ರತಿ ಸಲವೂ ನಮ್ಮ ಕಾರು ಬ್ರೇಕ್ ಹಿಡಿಯುತ್ತದೆ, ಹಿಂದಿನವನು ಹಾರ್ನ್ ಬಾರಿಸುತ್ತಾನೆ. ಬೇಸತ್ತ ಚಾಲಕ ಅಂತರವನ್ನು ಕನಿಷ್ಠಕ್ಕೆ ಇಳಿಸುತ್ತಾನೆ. ಸೌಲಭ್ಯ ಕೊಟ್ಟ ಒಂದೇ ಒಂದು ಶಿಸ್ತನ್ನೂ ಅಲ್ಲಿಗೆ ಕೈಯಾರೆ ಕಳೆದುಕೊಂಡಂತಾಯಿತು.

ಅದರ ಕಣ್ಣು ಎಂಥದ್ದು ಎಂದು ತಿಳಿಯದೆ ಮಿತಿ ಅರ್ಥವಾಗುವುದಿಲ್ಲ. ಹೆಚ್ಚಿನ ಕಾರುಗಳ ಮುಂಭಾಗದಲ್ಲಿ 77 ಗಿಗಾಹರ್ಟ್ಸ್ ಆಸುಪಾಸಿನ ರೇಡಾರ್, ಮುಂಗಾಜಿನ ಮೇಲಂಚಿನಲ್ಲಿ ಕ್ಯಾಮೆರಾ ಇರುತ್ತವೆ. ಕೆಲವು ಕಾರುಗಳು ಕ್ಯಾಮೆರಾ ಒಂದನ್ನೇ ನಂಬಿವೆ. ರೇಡಾರ್‌ಗೆ ಚೆನ್ನಾಗಿ ಕಾಣುವುದು ಚಲಿಸುವ ಲೋಹ. ಓಡುವ ಕಾರಿನಿಂದ ನೋಡಿದರೆ ನಿಂತದ್ದೆಲ್ಲ, ಅಂದರೆ ಮೈಲಿಗಲ್ಲು, ಬೋರ್ಡು, ಮೋರಿಯ ಕಟ್ಟೆ, ಕೆಟ್ಟುನಿಂತ ಲಾರಿ ಎಲ್ಲವೂ ಒಂದೇ ವೇಗದಲ್ಲಿ ಎದುರಿಗೆ ಬರುವಂತೆ ತೋರುತ್ತವೆ. ಪ್ರತಿ ಬೋರ್ಡಿಗೂ ಬ್ರೇಕ್ ಹಾಕಿದರೆ ಕಾರು ಓಡುವುದು ಹೇಗೆ? ಅದಕ್ಕೇ ನಿಂತ ವಸ್ತುಗಳ ಮಾತಿಗೆ ಕಡಿಮೆ ಬೆಲೆ ಕೊಡುವಂತೆ ಬಹಳಷ್ಟು ವ್ಯವಸ್ಥೆಗಳನ್ನು ರೂಪಿಸಿದ್ದಾರೆ. ಈ ಸೌಲಭ್ಯಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 15622 ಕೂಡ ನಿಂತ ವಾಹನಕ್ಕೆ ಸ್ಪಂದಿಸಲೇಬೇಕೆಂದು ಕಡ್ಡಾಯ ಮಾಡಿಲ್ಲ, ಸ್ಪಂದಿಸದಿದ್ದರೆ ಕೈಪಿಡಿಯಲ್ಲಿ ತಿಳಿಸಬೇಕು ಎನ್ನುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಟೆಸ್ಲಾ ಕಾರೊಂದು ಮುಂದಿನ ವಾಹನವನ್ನು ಹಿಂಬಾಲಿಸುತ್ತಿತ್ತು. ಆ ವಾಹನ ಪಕ್ಕದ ಪಥಕ್ಕೆ ಸರಿಯಿತು. ಅದರ ಮುಂದೆ ಅಗ್ನಿಶಾಮಕ ಲಾರಿ ನಿಂತಿತ್ತು. ದಾರಿ ತೆರವಾಯಿತೆಂದು ತಿಳಿದ ಕಾರು ಗಂಟೆಗೆ ಸುಮಾರು 34 ಕಿ.ಮೀ.ನಿಂದ 50ಕ್ಕೆ ವೇಗ ಹೆಚ್ಚಿಸಿಕೊಂಡು ಲಾರಿಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಚಾಲಕನ ಗಮನ ರಸ್ತೆಯ ಮೇಲಿರಲಿಲ್ಲವೆಂದೂ, ಹಾಗಿರಲು ಕಾರಿನ ವಿನ್ಯಾಸವೇ ಎಡೆ ಮಾಡಿಕೊಟ್ಟಿತೆಂದೂ ಅಲ್ಲಿನ ತನಿಖಾ ಮಂಡಳಿ ಹೇಳಿತು. ನಮ್ಮ ಹೆದ್ದಾರಿಯಲ್ಲಿ ಬಲ ಪಥದಲ್ಲೇ ಟೈರು ಬಿಚ್ಚಿಟ್ಟು ನಿಂತ ಲಾರಿಗಳನ್ನು ನೋಡಿದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅದರ ಬ್ರೇಕು. ಹೆದ್ದಾರಿಯ ವೇಗದಲ್ಲಿ ಈ ಸೌಲಭ್ಯ ತಾನಾಗಿ ಹಿಡಿಯುವ ಬ್ರೇಕಿಗೆ ಮಾನದಂಡವೇ ಗರಿಷ್ಠ ಮಿತಿ ಇಟ್ಟಿದೆ: ಸೆಕೆಂಡಿಗೆ ಸೆಕೆಂಡಿಗೆ 3.5 ಮೀಟರ್. ನೂರರ ವೇಗದಿಂದ ಆ ದರದಲ್ಲಿ ನಿಲ್ಲಲು ಸುಮಾರು 110 ಮೀಟರ್ ಬೇಕು. ಒಳ್ಳೆಯ ಟೈರು, ಒಣ ರಸ್ತೆ ಇದ್ದು ನಾವೇ ಪೂರ್ತಿ ತುಳಿದರೆ ಅದರ ಅರ್ಧದಲ್ಲಿ ನಿಲ್ಲಬಹುದು. ಕಾರು ಸಂಪೂರ್ಣ ಶಕ್ತಿಯಿಂದ ತಡೆಯುತ್ತಿದೆ ಎಂದು ನಾವು ಅಂದುಕೊಂಡಿರುವ ಹೊತ್ತಿನಲ್ಲಿ ಅದು ನಯವಾಗಿ ತಡೆಯುತ್ತಿರುತ್ತದೆ. ಅಪಘಾತದ ಅಂಚಿನಲ್ಲಿ ಜೋರಾಗಿ ತುಳಿಯುವ ತುರ್ತು ಬ್ರೇಕು ಬೇರೆಯದೇ ವ್ಯವಸ್ಥೆ. ಎರಡನ್ನೂ ‘ಅಡಾಸ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಮಾರುವುದರಿಂದ ಕೊಂಡವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ಬೆಟ್ಟಕ್ಕೆ ಬರೋಣ. ನನ್ನ ಕಾರಿನ ಅವತ್ತಿನ ನುಗ್ಗಾಟಕ್ಕೆ ವಿವರಣೆ ಶಾಲೆಯ ರೇಖಾಗಣಿತದಲ್ಲೇ ಇದೆ. ಐಎಸ್ಒ ಮಾನದಂಡ ತಿರುವುಗಳಿಗೆ ದರ್ಜೆ ಹಾಕಿದೆ: 500 ಮೀಟರ್ ತ್ರಿಜ್ಯದ ತಿರುವು, 250 ಮೀಟರ್, ಅತಿ ಕಠಿಣವೆಂದರೆ 125 ಮೀಟರ್. ನಮ್ಮ ಘಾಟಿಯ ಹೇರ್‌ಪಿನ್ ತಿರುವಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಒಳಬದಿಯ ಕನಿಷ್ಠ ತ್ರಿಜ್ಯ 14 ಮೀಟರ್, ವಿನ್ಯಾಸದ ವೇಗ 20 ಕಿ.ಮೀ. 125 ಮೀಟರಿನ ತಿರುವಿನಲ್ಲಿ ಐವತ್ತು ಮೀಟರ್ ಮುಂದಿರುವ ವಾಹನ ನಮ್ಮ ಮೂಗಿನ ನೇರದಿಂದ ಹನ್ನೊಂದು ಡಿಗ್ರಿಯಷ್ಟು ಪಕ್ಕಕ್ಕಿರುತ್ತದೆ. 14 ಮೀಟರಿನ ತಿರುವಿನಲ್ಲಿ ಬರೀ ಹದಿನೈದು ಮೀಟರ್ ಮುಂದಿದ್ದರೂ ಅದು ಮೂವತ್ತು ಡಿಗ್ರಿ ಆಚೆ, ಜತೆಗೆ ನಡುವೆ ಧರೆ. ದೂರ ನೋಡಲು ಕಿರಿದಾದ ಕೋನದಲ್ಲಿ ದಿಟ್ಟಿಸುವ ರೇಡಾರ್‌ಗೆ ಅದು ಕಾಣುವ ಮಾತೇ ಇಲ್ಲ. ಇನ್ನೂ ತಮಾಷೆಯೆಂದರೆ, ನನ್ನ ಕಾರಿನಲ್ಲಿ ಹಾಕಬಹುದಾದ ಕನಿಷ್ಠ ವೇಗವೇ 30. ಹೇರ್‌ಪಿನ್ನಿಗೆ ಬೇಕಾದ ವೇಗ ಅದರ ಪಟ್ಟಿಯಲ್ಲೇ ಇಲ್ಲ.

ಏರಿಗಿಂತ ಇಳಿಜಾರು ಕೆಟ್ಟದ್ದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಇಳಿಯುವವರು ಸೆಕೆಂಡ್ ಗೇರಿಗೆ ಹಾಕಿ ಇಂಜಿನ್ನಿನಿಂದಲೇ ವೇಗ ಹಿಡಿಯುತ್ತಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಇಲ್ಲಿನ ಹಳೆಯ ಪಾಠ. ಕ್ರೂಸ್ ಕಂಟ್ರೋಲ್ ತನ್ನ ಪಾಡಿಗೆ ಬ್ರೇಕನ್ನು ಒತ್ತುತ್ತ ಬಿಡುತ್ತ ಇಳಿದರೆ ಡಿಸ್ಕು ಕಾಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಬಳಸಬೇಡಿ ಎಂದು ಕೈಪಿಡಿಗಳು ಎಚ್ಚರಿಸುವುದು ಇದಕ್ಕೇ. ಮಳೆಗಾಲದಲ್ಲಿ ಚಾರ್ಮಾಡಿಯ ಧರೆ ಮಣ್ಣು ಕಲ್ಲುಗಳನ್ನು ರಸ್ತೆಗೆ ಸುರಿಯುತ್ತದೆ. 2019ರ ಆಗಸ್ಟಿನಲ್ಲಂತೂ ಭೂಕುಸಿತದಿಂದ ಘಾಟಿಯೇ ಮುಚ್ಚಿತ್ತು. ತಿರುವಿನಲ್ಲಿ ಬಿದ್ದ ಮಣ್ಣಿನ ಗುಡ್ಡೆ ರೇಡಾರ್‌ನ ಲೆಕ್ಕದಲ್ಲಿ ವಾಹನವಲ್ಲ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವಾಗ ಕವಿಯುವ ಮಂಜಿನಲ್ಲಿ ಕ್ಯಾಮೆರಾವೂ ನಮ್ಮಷ್ಟೇ ಕುರುಡು. ಆಲ್ದೂರು, ಮೂಡಿಗೆರೆ ಸುತ್ತ ಮುಸ್ಸಂಜೆಗೆ ಆನೆ ರಸ್ತೆ ದಾಟುತ್ತದೆ. ಪ್ರಾಣಿಗಳನ್ನು ಗುರುತಿಸುವ ಭರವಸೆಯನ್ನು ಸಾಮಾನ್ಯವಾಗಿ ಯಾವ ಕೈಪಿಡಿಯೂ ಕೊಡುವುದಿಲ್ಲ.

ನನ್ನ ಮುಖ್ಯ ತಕರಾರು ಇದಕ್ಕಿಂತ ಆಳದ್ದು. ಮಲೆನಾಡಿನ ರಸ್ತೆಯಲ್ಲಿ ಚಾಲಕ ನೋಡುವುದು ಮುಂದಿನ ವಾಹನವನ್ನಲ್ಲ, ಇನ್ನೂ ಕಾಣದ ವಾಹನವನ್ನು. ತಿರುವಿನಾಚೆ ಕೇಳಿದ ಹಾರ್ನು, ರಾತ್ರಿ ಸಿಲ್ವರ್ ಮರದ ಕಾಂಡದ ಮೇಲೆ ಹಾಯ್ದುಹೋದ ಬೆಳಕು, ಕುಯ್ಲಿನ ಕಾಲದಲ್ಲಿ ಸಂಜೆ ಐದಕ್ಕೆ ಆಳುಗಳನ್ನು ತುಂಬಿಕೊಂಡು ತೋಟದ ಗೇಟಿನಿಂದ ಹೊರಬೀಳುವ ಪಿಕಪ್ಪು, ಇವೆಲ್ಲ ಅವನ ಲೆಕ್ಕದಲ್ಲಿರುತ್ತವೆ. ತಿರುವಿನ ಹಿಂದೆ ಗಾಡಿ ಕೆಟ್ಟು ನಿಂತರೆ ಇಲ್ಲಿಯವರು ಸೊಪ್ಪಿನ ಕೊಂಬೆಯೊಂದನ್ನು ಮುರಿದು ರಸ್ತೆಗೆ ಹಾಕುತ್ತಾರೆ. ಆ ಕೊಂಬೆ ಕಂಡ ಕೂಡಲೇ ಇಲ್ಲಿನ ಚಾಲಕನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ರೇಡಾರ್‌ಗೆ ಅದು ಸೊಪ್ಪು, ಅಷ್ಟೆ. ‘ಅಡಾಪ್ಟಿವ್’ ಅಂದರೆ ಹೊಂದಿಕೊಳ್ಳುವುದು. ಇದು ಹೊಂದಿಕೊಳ್ಳುವುದು ಮುಂದಿರುವ ಒಂದೇ ಒಂದು ವಾಹನಕ್ಕೆ. ರಸ್ತೆಗೂ ಅಲ್ಲ, ಮಳೆಗೂ ಅಲ್ಲ, ಊರಿಗೂ ಅಲ್ಲ. ಹೆಸರೇ ಅದರ ಮೊದಲ ಉತ್ಪ್ರೇಕ್ಷೆ.

ಎರಡನೆಯದು ಮಾರುವ ರೀತಿ. ಜಾಹೀರಾತಿನಲ್ಲಿ ಇದು ಏರ್‌ಬ್ಯಾಗಿನ ಪಕ್ಕದಲ್ಲಿ, ಸುರಕ್ಷತೆಯ ಸಾಲಿನಲ್ಲಿ ಕೂತಿರುತ್ತದೆ. ಕೈಪಿಡಿ ತೆರೆದರೆ ಇದು ಅನುಕೂಲಕ್ಕಾಗಿ ಇರುವ ಸಾಧನ, ಹೊಣೆ ಚಾಲಕನದೇ ಎಂದಿರುತ್ತದೆ. ನನಗೆ ಕಾರು ತೋರಿಸಿದ ಹುಡುಗ ಅಗಲ ರಸ್ತೆಯಲ್ಲಿ ಸ್ವಿಚ್ ಒತ್ತಿ “ನೋಡಿ ಸಾರ್, ಕಾಲೇ ಬೇಡ” ಎಂದಿದ್ದ. ಕಾಲು ಎಲ್ಲಿ ಬೇಕು ಎಂದು ಹೇಳುವವರು ಅಲ್ಲಿರಲಿಲ್ಲ. ಕೈಪಿಡಿಯ ಆ ಪುಟಗಳನ್ನು ನಾನೂ ಓದಿದ್ದು ಕೈಮರದ ಪ್ರಸಂಗದ ನಂತರ. ತಿರುವಿನಲ್ಲಿ ಹೀಗಾಗುತ್ತದೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. “ನಾನಲ್ಲ, ಕಾರು ಮಾಡಿದ್ದು” ಎಂಬ ನನ್ನ ಉತ್ತರ ಅವತ್ತೇ ಸುಳ್ಳಾಗಿತ್ತು. ನಲವತ್ತು ಎಂದು ಹೇಳಿಟ್ಟವನು ನಾನೇ.

ಹಾಗಾದರೆ ತೀರ್ಪೇನು? ನಾಲ್ಕು ಪಥದ ಹಗಲಿನ ಹೆದ್ದಾರಿಯಲ್ಲಿ, ವೇಗಮಿತಿಯೊಳಗೆ, ಅಂತರವನ್ನು ಹೆಚ್ಚೇ ಇಟ್ಟು, ಕಾಲು ಬ್ರೇಕಿನ ಹತ್ತಿರವಿರಿಸಿ ಬಳಸುವವರಿಗೆ ಇದು ಒಳ್ಳೆಯ ಜತೆಗಾರ. ಹಾಸನದಲ್ಲಿ ಅದಕ್ಕೆ ನಮಸ್ಕಾರ ಹೇಳಿ ಆಫ್ ಮಾಡಬೇಕು. ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎರಡು ಪಥದ ರಸ್ತೆಗಳಲ್ಲಿ ಅದರ ಉಪಯೋಗ ಕಡಿಮೆ, ಗಿರಿಯ ರಸ್ತೆಯಲ್ಲಿ ಸೊನ್ನೆ, ಘಾಟಿಯ ಇಳಿಜಾರಿನಲ್ಲಿ ಅಪಾಯ. ಕಾರು ಮಾರುವವರಲ್ಲಿ ಒಂದೇ ಕೋರಿಕೆ: ಈ ಸೌಲಭ್ಯ ಏನು ಮಾಡುತ್ತದೆಂದು ತೋರಿಸಿದ ಮೇಲೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಕೀಲಿಯ ಜತೆ ಕೊಡಿ. ರಜೆಗೆ ಬಾಬಾಬುಡನ್‌ಗಿರಿಗೆ ಬರುವವರಲ್ಲಿ ಇನ್ನೊಂದು: ಕೈಮರದಲ್ಲಿ ಕಾರು ನಿಂತಾಗ ಸ್ಟೇರಿಂಗ್ ಮೇಲಿನ ಆ ಸ್ವಿಚ್ಚನ್ನು ಒಮ್ಮೆ ನೋಡಿಕೊಳ್ಳಿ, ಆಫ್ ಆಗಿದೆಯೇ ಎಂದು.