ಆಪ್ತಸಮಾಲೋಚನೆಯ ಫಲವನ್ನು ಅಳೆಯುವ ಬಗೆ: ಉಡುಪಿ ಪರಿಸರವನ್ನು ಮುಂದಿಟ್ಟು ಒಂದು ವಿಮರ್ಶೆ

ಕಾಲೇಜು ವಿದ್ಯಾರ್ಥಿಗಳ ಆಪ್ತಸಮಾಲೋಚನೆ ಇಂದು ಸಂಸ್ಥೆಗಳ ಇಚ್ಛೆಗೆ ಬಿಟ್ಟ ಸೇವೆಯಾಗಿ ಉಳಿದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ ತಿಂಗಳಲ್ಲಿ ನಿರ್ದೇಶಿಸಿತು. ನೇಮಕದ ಪ್ರಶ್ನೆಗೆ ಇದು ಉತ್ತರ. ಫಲದ ಪ್ರಶ್ನೆಗೆ ಅಲ್ಲ. ಎಷ್ಟು ಮಂದಿ ಸಮಾಲೋಚನೆ ಪಡೆದರು ಎಂಬ ಲೆಕ್ಕ ಹಾಜರಾತಿಯನ್ನು ತೋರಿಸುತ್ತದೆಯೇ ಹೊರತು ಅವರ ಸಂಕಟ ಕಡಿಮೆಯಾಯಿತೇ ಎಂಬುದನ್ನು ತಿಳಿಸುವುದಿಲ್ಲ.

ಫಲವನ್ನು ಅಳೆಯಲು ಮನೋವಿಜ್ಞಾನದಲ್ಲಿ ಪ್ರಶ್ನಾವಳಿಗಳಿವೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಿಂದಿನ ಎರಡು ವಾರಗಳ ಖಿನ್ನತೆಯ ಲಕ್ಷಣಗಳನ್ನು ಕೇಳುತ್ತದೆ. ಮೂವತ್ತನಾಲ್ಕು ಅಂಶಗಳ ಕೋರ್-ಓಎಂ ನೆಮ್ಮದಿ, ತೊಂದರೆ, ದೈನಂದಿನ ನಿರ್ವಹಣೆ, ಅಪಾಯ ಇವನ್ನು ಒಳಗೊಳ್ಳುತ್ತದೆ. ಸಮಾಲೋಚನೆಯ ಮೊದಲು ಮತ್ತು ಅನಂತರ ಅಂಕಗಳನ್ನು ಪಡೆದು ಹೋಲಿಸುವುದು ರೂಢಿ. ಆದರೆ ವಿದ್ಯಾರ್ಥಿಯು ಬರುವುದು ಬಹುಮಟ್ಟಿಗೆ ಸಂಕಟ ತಾರಕಕ್ಕೇರಿದಾಗ, ಪರೀಕ್ಷೆಯ ಹೊಸ್ತಿಲಲ್ಲಿ. ಪರೀಕ್ಷೆ ಮುಗಿದ ಮೇಲೆ ಅಂಕ ಇಳಿದರೆ ಅದಕ್ಕೆ ಸಮಾಲೋಚನೆಯೇ ಕಾರಣವೆನ್ನಲಾಗದು. ಸರದಿಗಾಗಿ ಕಾಯುತ್ತಿರುವವರೊಡನೆ ಹೋಲಿಕೆ ನಡೆಯದಿದ್ದರೆ ಕಾಲದ ಉಪಕಾರವೂ ಸಮಾಲೋಚಕರ ಲೆಕ್ಕಕ್ಕೆ ಜಮೆಯಾಗುತ್ತದೆ. ಎರಡನೆಯ ಭೇಟಿಗೆ ಬಾರದವರನ್ನು ಕೈಬಿಟ್ಟರೆ, ಉಳಿದವರ ಸುಧಾರಣೆ ಇನ್ನಷ್ಟು ಹಿಗ್ಗಿ ಕಾಣುತ್ತದೆ.

ಭಾಷೆಯ ತೊಡಕು ಇದಕ್ಕಿಂತ ಆಳವಾದುದು. ಕಾಪುವಿನ ಮೀನುಗಾರ ಕುಟುಂಬದ ಹುಡುಗ, ಕಾರ್ಕಳದ ಒಳನಾಡಿನ ಕೃಷಿಕರ ಮಗಳು, ಹೊರರಾಜ್ಯದಿಂದ ಮಣಿಪಾಲಕ್ಕೆ ಬಂದ ವಿದ್ಯಾರ್ಥಿ ಒಂದೇ ನುಡಿಯಲ್ಲಿ ನೋಯುವುದಿಲ್ಲ. ತುಳುವಿನ 'ಮಂಡೆಬೆಚ್ಚ', ಕರಾವಳಿ ಕನ್ನಡದ 'ಮಂಡೆಬಿಸಿ' ಎಂಬುದು ಚಿಂತೆಯೂ ಹೌದು, ಸಾಲದ, ಮನೆವಾರ್ತೆಯ ಹೊರೆಯೂ ಹೌದು. ಅದನ್ನು 'ಆತಂಕ' ಎಂಬ ಶಿಷ್ಟ ಪದಕ್ಕೆ ಇಳಿಸಿದ ಪ್ರಶ್ನೆಗೆ ವಿದ್ಯಾರ್ಥಿಯು 'ಇಲ್ಲ' ಎಂದು ಗುರುತು ಹಾಕಿದರೆ ಅದು ನೆಮ್ಮದಿಯ ಲಕ್ಷಣವಾಗಲಾರದು.

ಈ ಎಚ್ಚರ ಈ ನೆಲಕ್ಕೆ ಹೊಸತಲ್ಲ. ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮಾನಸಿಕ ತೊಂದರೆಗಳನ್ನು ಅವರು ಭಾರತೀಯ ಸನ್ನಿವೇಶಕ್ಕೆಂದೇ ರೂಪಿಸಿದ ಪ್ರಶ್ನಾಕ್ರಮದಿಂದ ಪರಿಶೀಲಿಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಇವರನ್ನೂ ಅಧ್ಯಯನದ ವ್ಯಾಪ್ತಿಗೆ ತಂದರು. ಅಳತೆಗೋಲನ್ನು ಜನರ ಬಳಿಗೆ ಒಯ್ಯುವ ಮೊದಲು ಜನರ ನೋವಿನ ವಿವರಣೆಯನ್ನು ಅರಿಯಬೇಕೆಂಬುದು ಇಲ್ಲಿನ ಪಾಠ.

ಜಾನಪದದಲ್ಲಿಯೂ ಫಲದ ಮಾನದಂಡವಿದೆ. ಹಿರಿಯಡಕ, ನಂದಳಿಕೆಗಳ ಸಿರಿಜಾತ್ರೆಯಲ್ಲಿ ಆವೇಶಗೊಂಡ ಹೆಣ್ಣುಮಗಳನ್ನು ಕುಮಾರನು ಮಾತಿಗೆಳೆಯುತ್ತಾನೆ. ಆಕೆ ಸಿರಿಬಳಗದಲ್ಲಿ ತಾನು ಯಾರೆಂದು ಹೇಳಬೇಕು, ಜೊತೆಗಿರುವ ಮನೆಯವರು ಕೇಳಬೇಕು. ಪೀಟರ್ ಕ್ಲಾಸ್ ಮೊದಲಾದವರು ಇದನ್ನು ದಾಖಲಿಸಿದ್ದಾರೆ. ಇಲ್ಲಿ ಫಲವೆಂದರೆ ಲಕ್ಷಣ ಇಳಿಯುವುದಷ್ಟೇ ಅಲ್ಲ. ಆಕೆಗೆ ಮಾತು ದೊರೆಯುವುದು, ಮನೆಯಲ್ಲಿ ಆಕೆಯ ಸ್ಥಾನ ಬದಲಾಗುವುದು. ಹಾಗೆಂದು ಆಚರಣೆಯನ್ನು ಆದರ್ಶೀಕರಿಸುವುದು ಸಲ್ಲದು. ಮರಳಿ ಬಾರದವರ ಲೆಕ್ಕ ಇಲ್ಲಿಯೂ ಇಲ್ಲ; ಸಭೆಯ ನಡುವೆ ಗುಟ್ಟಿಗೆ ಎಡೆಯಿಲ್ಲ. ಮನೆಯವರಿಂದಲೇ ನೊಂದ ವಿದ್ಯಾರ್ಥಿಗೆ ಸಮಾಲೋಚಕರ ಮುಚ್ಚಿದ ಬಾಗಿಲೇ ಆಸರೆ.

ಆದ್ದರಿಂದ ಎರಡೂ ಪರಂಪರೆಗಳ ಕೊರತೆಗಳನ್ನು ಅರಿತ ಮಾಪನಕ್ರಮ ಬೇಕು. ಪ್ರಶ್ನಾವಳಿಯ ಅನುವಾದವನ್ನು ತುಳು, ಕೊಂಕಣಿ, ಬ್ಯಾರಿ ಮಾತನಾಡುವ ವಿದ್ಯಾರ್ಥಿಗಳ ನಡುವೆ ಪರೀಕ್ಷಿಸಬೇಕು; ಏನು ಬದಲಾಗಬೇಕೆಂಬುದನ್ನು ಆರಂಭದಲ್ಲಿ ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ ಹೇಳಬೇಕು; ಅರ್ಧದಲ್ಲಿ ಬಿಟ್ಟವರನ್ನೂ ಎಣಿಸಬೇಕು; ಪರೀಕ್ಷೆ ಕಳೆದು ಆರು ತಿಂಗಳ ಬಳಿಕ, ಸಮಾಲೋಚಕರಲ್ಲದ ಬೇರೊಬ್ಬರು ಮತ್ತೆ ವಿಚಾರಿಸಬೇಕು. ಅಳತೆ ತಪ್ಪಿದರೆ ಕೆಡುವುದು ವರದಿಯಷ್ಟೇ ಅಲ್ಲ; ಸಹಾಯ ತಲುಪದ ವಿದ್ಯಾರ್ಥಿಯೂ ಗುಣಹೊಂದಿದವರ ಪಟ್ಟಿಯಲ್ಲಿ ಸೇರಿ ಕಣ್ಮರೆಯಾಗುತ್ತಾನೆ.