ವೇಷ ಕಳಚುವ ಹಕ್ಕು

ನಮ್ಮ ಬೇವೂರಿನ ಕಡೆ 'ವೇಷ ಹಾಕ್ಯಾನ' ಅಂದ್ರ ಎರಡು ಅರ್ಥ. ಒಂದು, ಆಟದಲ್ಲಿ ಪಾತ್ರ ಕಟ್ಟಿದ್ದಾನೆ. ಇನ್ನೊಂದು, ತಾನಲ್ಲದ್ದನ್ನು ತಾನೆಂದು ತೋರಿಸಿಕೊಳ್ಳುತ್ತಿದ್ದಾನೆ. ಕೇರಿಯ ಹುಡುಗನೊಬ್ಬ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮುಂದೆ ಹಾದುಹೋದರೆ ಅವನ ಪಾಲಿಗೆ ಬರುತ್ತಿದ್ದದ್ದು ಈ ಎರಡನೆಯ ಅರ್ಥ. 'ಏನಲೇ, ಭಾರಿ ವೇಷ ಹಾಕೀಯಲ್ಲ' ಎಂಬ ಮಾತು ಕೇಳುತ್ತಲೇ ಬೆಳೆದವನು ನಾನು. ಆದ್ದರಿಂದ ಸಾವಿರಾರು ಜನ ತಮ್ಮ ಕೈಯಿಂದಲೇ ದುಡ್ಡು ಕೊಟ್ಟು, ವೇಷ ಹಾಕಿಕೊಂಡು, ಹಾಡಹಗಲೇ ಒಂದೆಡೆ ಸೇರಿ ಸಂತೋಷಪಡುತ್ತಾರೆ ಎಂದು ಅಕ್ಕನ ಮಗ ಹೇಳಿದಾಗ ನನಗೆ ಮೊದಲು ಬಂದದ್ದು ಕುತೂಹಲವಲ್ಲ, ಅನುಮಾನ.

2025ರ ಜನವರಿಯಲ್ಲಿ ಅವನ ಬೆನ್ನು ಹತ್ತಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಕೆಟಿಪಿಒ ಸಭಾಂಗಣಕ್ಕೆ ಹೋದೆ. ಅಲ್ಲಿ ಕಾಮಿಕ್ ಕಾನ್. ಚಿತ್ರಕಥೆ, ಜಪಾನಿನ ಕಾರ್ಟೂನು, ವಿಡಿಯೋ ಗೇಮು, ಹಾಲಿವುಡ್ ಸಿನಿಮಾಗಳ ಅಭಿಮಾನಿಗಳ ಜಾತ್ರೆ. ಜೇಡರ ಮನುಷ್ಯ, ಬಾವಲಿ ಮನುಷ್ಯ, ನೀಲಿ ಕೂದಲಿನ ಹುಡುಗಿಯರು, ತನ್ನಷ್ಟೇ ಎತ್ತರದ ಕತ್ತಿ ಹಿಡಿದವರು. ಸಾಲಾಗಿ ಅಂಗಡಿಗಳು. ಇದನ್ನು ಬೈದು ಬರೆಯುವುದು ಬಹಳ ಸಲೀಸು. ಜಾಗತೀಕರಣ, ಬಹುರಾಷ್ಟ್ರೀಯ ಬಂಡವಾಳ, ಮಧ್ಯಮವರ್ಗದ ಮಕ್ಕಳಾಟ – ಈ ಮೂರು ಮಾತು ಹೇಳಿದರೆ ಲೇಖನ ಮುಗಿಯುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ದಲಿತ ವಿಮರ್ಶೆ ಅಲ್ಲಿಗೇ ನಿಂತರೆ ತನ್ನ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ವೇಷ ಎನ್ನುವುದು ನಮಗೆ ಮನರಂಜನೆಯ ಪ್ರಶ್ನೆಯಲ್ಲ, ಮೈಯ ಪ್ರಶ್ನೆ. ಆದ್ದರಿಂದ ನಿಧಾನವಾಗಿ ನೋಡಬೇಕು.

ಈ ಆಟಕ್ಕೂ ಒಂದು ಚರಿತ್ರೆ ಇದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಫಾರೆಸ್ಟ್ ಅಕರ್‌ಮನ್ ಎಂಬ ಅಭಿಮಾನಿ ಭವಿಷ್ಯಕಾಲದ ಉಡುಪು ತೊಟ್ಟು ಅಲ್ಲಿಗೆ ಬಂದ. ಅವನ ಜೊತೆ ಬಂದ ಮರ್ಟಲ್ ಡಗ್ಲಸ್ ಆ ಉಡುಪುಗಳನ್ನು ಮಾಡಿದವಳು. ಹೆಸರು ಬಹುಕಾಲ ಉಳಿದದ್ದು ತೊಟ್ಟವನದು, ಹೊಲಿದವಳದಲ್ಲ. 1970ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಮಿಕ್ ಕಾನ್ ಶುರುವಾಯಿತು. 'ಕಾಸ್‌ಪ್ಲೇ' ಎಂಬ ಪದ 1980ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿತು. 2011ರಲ್ಲಿ ದಿಲ್ಲಿಗೂ 2012ರಲ್ಲಿ ಬೆಂಗಳೂರಿಗೂ ಈ ಜಾತ್ರೆ ಬಂತು.

ಅಲ್ಲಿ ನಾನು ಕಂಡ ಮೊದಲ ಸಂಗತಿ: ಯಾರೂ ಯಾರನ್ನೂ 'ನೀ ಯಾರ ಪೈಕಿ?' ಎಂದು ಕೇಳುತ್ತಿರಲಿಲ್ಲ. 'ನೀವು ಯಾವ ಪಾತ್ರ?' ಎಂದು ಕೇಳುತ್ತಿದ್ದರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: 'ನೀವೇ ಮಾಡಿದ್ದಾ?' ಕೊಂಡು ತಂದ ವೇಷಕ್ಕಿಂತ ಸ್ವಂತ ಕೈಯಿಂದ ಮಾಡಿದ ವೇಷಕ್ಕೆ ಅಲ್ಲಿ ಹೆಚ್ಚು ಮರ್ಯಾದೆ. ಅಕ್ಕನ ಮಗ ಫೋಮ್ ಶೀಟು ಕೊಯ್ದು, ಬಿಸಿ ಮಾಡಿ ಬಗ್ಗಿಸಿ, ಅಂಟಿಸಿ, ಕಪ್ಪು ಬಣ್ಣ ಹೊಡೆದು ಕವಚ ಮಾಡಿಕೊಂಡಿದ್ದ. ಎರಡು ತಿಂಗಳ ರಾತ್ರಿಗಳ ಕೆಲಸ. ಅಪರಿಚಿತನೊಬ್ಬ ಬಗ್ಗಿ ನೋಡಿ, ಈ ಅಂಚು ಹೇಗೆ ತಿರುವಿದಿರಿ ಎಂದು ಕೇಳಿದ. ಹುಡುಗ ನನ್ನ ಕಡೆ ತಿರುಗಿ, 'ಮಾವಾ, ಅಜ್ಜ ತೊಗಲು ಕೊಯ್ತಿದ್ದನಲ್ಲ, ಹಂಗ ಕೊಯ್ದೀನಿ' ಅಂದ.

ಅವನ ಅಜ್ಜ ಅಂದರೆ ನಮ್ಮಪ್ಪ. ಊರಿಗೆಲ್ಲ ಮೆಟ್ಟು ಹೊಲಿದವನು. ಹೊಲಿದ ಮೆಟ್ಟನ್ನು ಕೈಯಲ್ಲಿ ಹಿಡಿದು ಮೇಲಿನ ಓಣಿಗೆ ಒಯ್ಯುತ್ತಿದ್ದ. ತಾನು ಮೆಟ್ಟಿಕೊಂಡು ಹೋಗುವಂತಿರಲಿಲ್ಲ. 'ಈ ಅಂಚು ಹೆಂಗ ತಿರುವಿದಿ' ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದು 'ಯಾವಾಗ ಕೊಡ್ತಿ' ಅಂತ ಮಾತ್ರ. ರಂಪಿಗೆ ಹಿಡಿದ ಕೈಯ ಜಾಣತನ ಎರಡು ತಲೆಮಾರು ದಾಟಿ, ತೊಗಲು ಬಿಟ್ಟು, ಫೋಮಿನಲ್ಲಿ ಮರ್ಯಾದೆ ಪಡೆಯಿತು. ಇದನ್ನು ಮಕ್ಕಳಾಟ ಎಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ.

ಎರಡನೆಯ ಸಂಗತಿ ಮುಟ್ಟುವುದಕ್ಕೆ ಸಂಬಂಧಿಸಿದ್ದು. ವೇಷ ತೊಟ್ಟವರನ್ನು ಕೇಳದೆ ಮುಟ್ಟಬಾರದು, ಕೇಳದೆ ಫೋಟೋ ತೆಗೆಯಬಾರದು ಎಂಬುದು ಜಗತ್ತಿನ ಇಂಥ ಸಮ್ಮೇಳನಗಳಲ್ಲೆಲ್ಲ ಬೆಳೆದುಬಂದ ರೀತಿ. ಹೆಣ್ಣುಮಕ್ಕಳು ದೂರಿ, ಜಗಳಾಡಿ ತಂದ ನಿಯಮ ಇದು. 'ಮುಟ್ಟಬೇಡ' ಎಂಬ ಮಾತು ನಾನು ಹುಟ್ಟಿದಂದಿನಿಂದ ಕೇಳಿದ್ದೇ. ಆದರೆ ಅಲ್ಲಿ ಅದು ವೇಷ ತೊಟ್ಟವಳ ಮೈಯನ್ನು ಕಾಯುತ್ತದೆ, ನಮ್ಮಲ್ಲಿ ನಮ್ಮ ಮೈಯಿಂದ ಇನ್ನೊಬ್ಬರನ್ನು ಕಾಯುತ್ತಿತ್ತು. ಮಾತು ಒಂದೇ, ಮಾಲೀಕ ಬೇರೆ.

ಈಗ ನಮ್ಮ ಕಡೆಯ ವೇಷಕ್ಕೆ ಬರೋಣ. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ಬರುತ್ತಿದ್ದರು. ಊರ ಹೊರಗೆ ಗುಡಾರ. ದಿನಕ್ಕೊಂದು ವೇಷ: ರಾಮ, ರಾವಣ, ಭೀಮ, ಶೂರ್ಪನಖಿ. ರಾತ್ರಿಯ ಕತ್ತಲಿನ ಸಹಾಯವಿಲ್ಲದೆ, ದೀಪದ ಮರೆಯಿಲ್ಲದೆ, ಉರಿಬಿಸಿಲಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡು ಮನೆ ಮನೆ ಮುಂದೆ ಆಡುವ ಕಲೆ ಅದು. ಹಾರ್ಮೋನಿಯಂ, ತಬಲಾ, ತಾಳ. ಕೊನೆಯ ದಿನ ಜೋಳಿಗೆ ಹಿಡಿದು ಕಾಳು ದುಡ್ಡು ಕೇಳುವುದು. ಇವರಲ್ಲಿ ಬಹಳ ಮಂದಿ ಬುಡ್ಗಜಂಗಮರು, ಪರಿಶಿಷ್ಟ ಜಾತಿಯ ಅಲೆಮಾರಿಗಳು. ರಾಮನಿಗೆ ಕೈಮುಗಿದ ಮೇಲಿನ ಓಣಿಯವರು, ಅದೇ ಮನುಷ್ಯ ಬಣ್ಣ ತೊಳೆದು ಬಂದು ನೀರು ಕೇಳಿದರೆ ಮೇಲಿಂದ ಸುರಿಯುತ್ತಿದ್ದರು. ಇನ್ನೊಂದು ಸತ್ಯವನ್ನೂ ಬರೆಯಬೇಕು: ನಮ್ಮ ಕೇರಿಯವರೂ ಅವರನ್ನು ಸಮನಾಗಿ ಕೂಡಿಸಲಿಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ನಮಗೂ ಅನ್ವಯಿಸುತ್ತದೆ.

ವೈಟ್‌ಫೀಲ್ಡಿನವರು ವೇಷ ಹಾಕಲು ದುಡ್ಡು ಕೊಡುತ್ತಾರೆ, ಹಗಲುವೇಷದವನು ದುಡ್ಡಿಗಾಗಿ ವೇಷ ಹಾಕುತ್ತಾನೆ. ಇದು ಮೇಲುನೋಟದ ವ್ಯತ್ಯಾಸ. ಒಳಗಿನ ವ್ಯತ್ಯಾಸ ಬೇರೆ. ಅಲ್ಲಿಯವನು ಸಂಜೆ ವೇಷ ಕಳಚಿದರೆ ಎಂಜಿನಿಯರ್ ಆಗುತ್ತಾನೆ. ಇವನು ಕಳಚಿದರೆ ಜಾತಿ ಆಗುತ್ತಾನೆ. ವೇಷದ ಸುಖ ಇರುವುದು ಹಾಕುವುದರಲ್ಲಿ ಅಲ್ಲ. ಕಳಚಿದ ಮೇಲೆ ಮರ್ಯಾದೆಯಿಂದ ನಿಲ್ಲಲು ಒಂದು ಜಾಗ ಇದೆಯೋ ಇಲ್ಲವೋ ಎಂಬುದರಲ್ಲಿ.

ಏಕೆಂದರೆ ಜಾತಿಯೇ ಈ ನೆಲದ ಅತಿ ಹಳೆಯ ಕಡ್ಡಾಯ ವೇಷ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆ, ಕಬ್ಬಿಣದ ಒಡವೆ ಎಂದು ಪಟ್ಟಿ ಮಾಡಿಕೊಟ್ಟಿದೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಆ ಪುಸ್ತಕ ಸುಟ್ಟಾಗ ಸುಟ್ಟದ್ದು ಈ ಉಡುಪಿನ ನಿಯಮಾವಳಿಯನ್ನೂ ಹೌದು. ಅದೇ ಸಮ್ಮೇಳನದಲ್ಲಿ ಅಂಬೇಡ್ಕರ್ ಹೆಣ್ಣುಮಕ್ಕಳಿಗೆ, ಜಾತಿಯ ಗುರುತು ಹೇಳುವಂತೆ ಸೀರೆ ಉಡುವುದನ್ನು ಬಿಡಿ, ಜಾತಿ ಸಾರುವ ಒಡವೆ ತೆಗೆದಿಡಿ ಎಂದು ಹೇಳಿದರು. ಅವರ ಸೂಟು ಕುರಿತು ಇಂದಿಗೂ ಗೊಣಗುವವರಿದ್ದಾರೆ. ಗಾಂಧಿ ಬಟ್ಟೆ ಕಳಚಿದ್ದು ತ್ಯಾಗ ಅನ್ನಿಸಿತು, ಅಂಬೇಡ್ಕರ್ ಬಟ್ಟೆ ತೊಟ್ಟದ್ದು ಶೋಕಿ ಅನ್ನಿಸಿತು. ಬಟ್ಟೆ ಇದ್ದವನು ಕಳಚಬಲ್ಲ. ಬಟ್ಟೆಯನ್ನೇ ನಿಷೇಧಿಸಿಕೊಂಡವನಿಗೆ ತೊಡುವುದೇ ಪ್ರತಿಭಟನೆ.

ಅಕ್ಕನ ಮಗ ಹಾಕಿದ್ದು 'ಬ್ಲ್ಯಾಕ್ ಪ್ಯಾಂಥರ್' ವೇಷ. ಯಾರ ವಸಾಹತೂ ಆಗದ ವಕಾಂಡ ಎಂಬ ಆಫ್ರಿಕನ್ ನಾಡಿನ ಕಪ್ಪು ರಾಜ. 1966ರಲ್ಲಿ ಈ ಪಾತ್ರವನ್ನು ಸೃಷ್ಟಿಸಿದವರು ಸ್ಟ್ಯಾನ್ ಲೀ, ಜಾಕ್ ಕರ್ಬಿ ಎಂಬ ಇಬ್ಬರು ಬಿಳಿಯರು. ಅದೇ ವರ್ಷದ ಅಕ್ಟೋಬರಿನಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಅದರ ಹೆಸರು ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಬಂತು. ಮರುವರ್ಷವೇ ನಮ್ಮಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ. ನಾನು ಇಷ್ಟೆಲ್ಲ ಹೇಳಿದ್ದಕ್ಕೆ ಹುಡುಗ, 'ನಂಗ ಇದು ಗೊತ್ತಿರಲಿಲ್ಲ ಮಾವಾ, ಸಿನಿಮಾ ನೋಡಿ ಚಲೋ ಅನ್ನಿಸ್ತು, ಕಪ್ಪು ರಾಜ ಅಂತ ಹಾಕ್ಕೊಂಡೆ' ಅಂದ. 2018ರ ಆ ಸಿನಿಮಾ ಮಾರುಕಟ್ಟೆಯ ಸರಕೇ. ಆದರೂ ಕಪ್ಪು ಮೈಯ ರಾಜನನ್ನು ಕಂಡು ಬೇವೂರಿನ ಕೇರಿಯ ಹುಡುಗನ ಮೈ ಜುಮ್ಮೆಂದದ್ದು ಸರಕಲ್ಲ. ಚಳವಳಿಯ ನೆನಪು ನಮ್ಮಿಂದ ಅವನಿಗೆ ಮುಟ್ಟಲಿಲ್ಲ, ಮುಖವಾಡದಿಂದ ಮುಟ್ಟಿತು. ನಾಚಿಕೆಪಡಬೇಕಾದವರು ನಾವು.

ಇಷ್ಟಾದರೂ ಆ ಸಭಾಂಗಣವನ್ನು ಜಾತಿರಹಿತ ಲೋಕವೆಂದು ನಂಬಲು ನಾನು ಸಿದ್ಧನಿಲ್ಲ. ಅಭಿಮಾನ ಜಾತಿಯನ್ನು ಕರಗಿಸುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆ ಸಾಕ್ಷಿ ಹೇಳುವುದಿಲ್ಲ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹೋಟೆಲು, ಕ್ಷೌರದಂಗಡಿಗಳ ಪ್ರವೇಶ ಕೇಳಿದ್ದರ ಸಿಟ್ಟು ಒಳಗಿತ್ತು. ನೆಪವಾದದ್ದು ಸಿನಿಮಾ ನೋಡಲು ಹೋದಲ್ಲಿ ಆದ ಜಗಳ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಒಂದೇ ನಟನಿಗೆ ಶಿಳ್ಳೆ ಹೊಡೆದವರು ಊರಿಗೆ ಮರಳುವಷ್ಟರಲ್ಲಿ ತಮ್ಮ ತಮ್ಮ ಓಣಿಯವರಾಗಿರುತ್ತಾರೆ. ಬೆಂಗಳೂರಿನ ಸಭಾಂಗಣಕ್ಕೆ ಓಣಿ ಇಲ್ಲ, ಟಿಕೆಟ್ ಇದೆ. ಟಿಕೆಟ್ ಕೊಳ್ಳಲಾಗದವರು ಹೊರಗಿರುವುದರಿಂದಲೇ ಒಳಗೆ ಜಾತಿ ಕೇಳುವ ಅಗತ್ಯ ಬೀಳುವುದಿಲ್ಲವೇನೋ.

ನಾವು ಆ ಜಾತ್ರೆಯಿಂದ ಬಂದು ವಾರವಾಗಿರಲಿಲ್ಲ, ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ತೊಗಲುಗೊಂಬೆಯಾಟದಲ್ಲಿ ಆಯುಷ್ಯ ಸವೆಸಿದ ತೊಂಬತ್ತು ದಾಟಿದ ಅಜ್ಜಿ. ಬಣ್ಣ ಹಚ್ಚಿದ ತೊಗಲಿನ ಚಿತ್ರ, ಹಿಂದೆ ದೀಪ, ಮುಂದೆ ಬಿಳಿ ಪರದೆ, ಚಿತ್ರಕ್ಕೆ ಮಾತು ಕೊಡುವ ದನಿ. ಕಾಮಿಕ್ಸ್ ಎಂದರೆ ಇದಲ್ಲದೆ ಮತ್ತೇನು? ಸಂತೋಷಪಟ್ಟೆವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಒಳಮೀಸಲಾತಿ ಬಂದಾಗ ಶಿಳ್ಳೇಕ್ಯಾತ, ಬುಡ್ಗಜಂಗಮರಂಥ ಅಲೆಮಾರಿಗಳ ಗತಿ ನೋಡಿ. ನಾಗಮೋಹನದಾಸ್ ಆಯೋಗ 59 ಸಣ್ಣ ಸಮುದಾಯಗಳಿಗೆ ಶೇ. 1 ಬೇರೆ ಇಡಿ ಎಂದಿತ್ತು. ಸರಕಾರ ಅವರನ್ನು ಬಲಿಷ್ಠರ ಜೊತೆ ಶೇ. 5ರಲ್ಲಿ ಸೇರಿಸಿತು. ಅವರು ಬೀದಿಗೆ ಬಂದು ಕೂತರು. ಇನ್ನೊಂದೆಡೆ ವೀರಶೈವ ಜಂಗಮರಲ್ಲಿ ಕೆಲವರು ತಾವೇ ಬೇಡ ಜಂಗಮರೆಂದು ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳುತ್ತ ವರ್ಷಗಟ್ಟಲೆ ಹೋರಾಡಿದ್ದಾರೆ. ಅಲೆಮಾರಿಯ ಗುಡಾರ ಯಾರಿಗೂ ಬೇಡ, ಜೋಳಿಗೆ ಬೇಡ, ಅವನ ಸರ್ಟಿಫಿಕೇಟು ಮಾತ್ರ ಬೇಕು. ಎರಡನೆಯ ಅರ್ಥದ ವೇಷ ಎಂದರೆ ಇದು. ನಮ್ಮೂರ ಕಟ್ಟೆಯವರು ಇದನ್ನು ವೇಷ ಅನ್ನುವುದಿಲ್ಲ.

ಕನ್ನಡ ವಿಮರ್ಶೆ ಹಗಲುವೇಷವನ್ನು ಜಾನಪದ ಎಂದು ಕರೆದು ಕಪಾಟಿನಲ್ಲಿಟ್ಟಿತು. ಹಸಿವನ್ನು ಅಡಿಟಿಪ್ಪಣಿ ಮಾಡಿತು. ದಲಿತ ಚಳವಳಿಯಾದರೂ ಅವಮಾನದ ನೆನಪು ಬೇಡವೆಂದು ಹಲಗೆಯ ಜೊತೆ ವೇಷವನ್ನೂ ಎತ್ತಿ ಎಸೆಯಲು ಹೊರಟಿತು. ಅವಮಾನದ ಜೊತೆಗೆ ತನ್ನ ಸಾಂಸ್ಕೃತಿಕ ನೆನಪನ್ನೂ ಕಳೆದುಕೊಳ್ಳುವ ಅಪಾಯವನ್ನು ಡಿ.ಆರ್. ನಾಗರಾಜ್ 1990ರ ದಶಕದಲ್ಲೇ ಎತ್ತಿ ತೋರಿಸಿದ್ದರು. ನನ್ನ ಮಾತು ಅವರಿಗಿಂತ ಸಣ್ಣದು. ಕೇರಿಯ ಹುಡುಗ ಹಲಗೆಯನ್ನೇ ಬಾರಿಸಬೇಕೆಂದಿಲ್ಲ, ಪ್ಯಾಂಥರ್ ಕವಚವನ್ನೇ ತೊಡಬೇಕೆಂದೂ ಇಲ್ಲ. ಯಾವುದನ್ನು ಹಾಕಬೇಕು, ಯಾವಾಗ ಕಳಚಬೇಕು ಎಂಬ ತೀರ್ಮಾನ ಅವನದಾಗಿರಬೇಕು. ಯಾವ ವೇಷ ಕಂಡರೂ ಮೂರು ಪ್ರಶ್ನೆ ಕೇಳೋಣ: ಹೊಲಿದವರು ಯಾರು? ಹಾಕೆಂದವರು ಯಾರು? ಕಳಚಿದರೆ ನೀರು ಹೇಗೆ ಕೊಡುತ್ತಾರೆ?

ಆವತ್ತು ಸಂಜೆ ಹುಡುಗ ಕವಚ ಬಿಚ್ಚಿ ಚೀಲಕ್ಕೆ ತುಂಬಿದ. ಊರಿಗೆ ತರ್ತೀಯೇನೋ ಎಂದೆ. 'ತರ್ತೀನಿ, ಏಪ್ರಿಲ್ ಹದಿನಾಕಕ್ಕ ಹುಡುಗರಿಗೆ ತೋರಸ್ತೀನಿ' ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆದ್ರ ಹಾಕ್ಕೊಂಡು ಕಟ್ಟಿ ಮುಂದ ಹಾಯಂಗಿಲ್ಲ ಮಾವಾ' ಅಂದ.